ಜೆರಾಕ್ಸಿನ ಗೆರೆ ಕರಗದ ಬಣ್ಣ

ಅಜ್ಜನ ಮನೆಯನ್ನು ಕೆಡವುವ ಮೊದಲು ಅದರ ಚಿತ್ರವೊಂದನ್ನು ಬರೆದಿಟ್ಟುಕೊಂಡಿದ್ದೆ. ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹೆಂಚಿನ ಮಾಡು, ಜಗಲಿಯ ಎರಡು ಕಂಬ, ಅಂಗಳದ ತುಳಸಿಕಟ್ಟೆ. ಎಲ್ಲವೂ ಕಪ್ಪು ಗೆರೆಯಲ್ಲಿ. ಬಣ್ಣ ಹಾಕಬೇಕೆಂಬ ಆಸೆ ಇತ್ತು, ಹಾಕಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂಬ ಭಯವೂ ಇತ್ತು. ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಗೆ ಹೋಗಿ ಹತ್ತು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಒಂದು ಕೆಟ್ಟರೆ ಇನ್ನೊಂದಿದೆಯಲ್ಲ.

ಮೊದಲನೆಯದು ಸ್ಕೆಚ್ ಪೆನ್ನಿಗೆ ಬಲಿಯಾಯಿತು. ಮಾಡಿಗೆ ಕೆಂಪು ತುಂಬಲು ಹೋದರೆ ಬರೀ ಪಟ್ಟೆಪಟ್ಟೆ. ಪಟ್ಟೆ ಮುಚ್ಚಲೆಂದು ಅದರ ಮೇಲೇ ಮತ್ತೆ ಮತ್ತೆ ಉಜ್ಜಿದ್ದಕ್ಕೆ ಕಾಗದ ಒದ್ದೆಯಾಗಿ ಸುಕ್ಕುಗಟ್ಟಿತು, ನೂಲುನೂಲಾಗಿ ಎದ್ದಿತು, ಕೊನೆಗೆ ತೂತಾಯಿತು. ಶಾಲೆಯ ಭೂಪಟದಲ್ಲಿ ಅರಬ್ಬೀ ಸಮುದ್ರಕ್ಕೆ ನೀಲಿ ತುಂಬಿದವರಿಗೆಲ್ಲ ಈ ತೂತಿನ ಪರಿಚಯವಿದೆ.

ಎರಡನೆಯದಕ್ಕೆ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಪೇಂಟ್ ಮಾರ್ಕರ್ ತಂದೆ. ಕಬ್ಬಿಣದ ಪೈಪಿನ ಮೇಲೆ ಗುರುತು ಹಾಕುವ ಜಾತಿಯದು. ಮುಚ್ಚಳ ತೆಗೆದರೆ ವಾಸನೆ ಮೂಗಿನಿಂದ ನೇರ ತಲೆಗೇ ಹತ್ತುತ್ತಿತ್ತು. ಕೆಂಪೇನೋ ಗಟ್ಟಿಯಾಗಿಯೇ ಕೂತಿತು. ಆದರೆ ಹೆಂಚಿನ ಕಪ್ಪು ಗೆರೆಗಳೂ ಅದರ ಜತೆ ಹೊರಟವು! ಎಳೆದ ಕಡೆಗೆಲ್ಲ ಕಪ್ಪು ಹರಿದು, ಕಾಡಿಗೆ ಹಚ್ಚಿಕೊಂಡು ಅತ್ತ ಮಗುವಿನ ಮುಖದಂತಾಯಿತು ನಮ್ಮ ಮನೆ.

ಮೂರನೆಯ ಹಾಳೆ ಎದುರಿಗಿಟ್ಟುಕೊಂಡು ಕೂತಿದ್ದಾಗ ಅಕ್ಕನ ಮಗಳು ರಜಕ್ಕೆ ಬಂದಳು. ಬೆಂಗಳೂರಿನಲ್ಲಿ ಡಿಸೈನ್ ಓದುತ್ತಿದ್ದಾಳೆ. "ಮಾವ, ಅದನ್ನ ಅತ್ಲಾಗಿಡು" ಎಂದು ತನ್ನ ಚೀಲದಿಂದ ಎರಡೂ ತುದಿಗೆ ಮುಚ್ಚಳವಿದ್ದ ಪೆನ್ನೊಂದನ್ನು ಕೊಟ್ಟಳು. ಎಳೆದೆ. ಕೆಂಪು ಎಣ್ಣೆಯಂತೆ ಜಾರಿ ಹೋಯಿತು. ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರೆ ಎರಡೂ ಸೇರಿ ಒಂದಾದವು. ಪಟ್ಟೆ ಕಾಣಲಿಲ್ಲ, ಕಾಗದ ಏಳಲಿಲ್ಲ. ಹೆಂಚಿನ ಕಪ್ಪು ಗೆರೆ ಇದ್ದಲ್ಲೇ ಇತ್ತು. ಬಣ್ಣ ಮಾತ್ರ ಹಾಳೆ ದಾಟಿ ಕೆಳಗಿದ್ದ ಹೊಸ ಪಂಚಾಂಗದ ಮೇಲೂ ಇಳಿದಿತ್ತು. ಅದರ ಬಗ್ಗೆ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

"ಜೆರಾಕ್ಸ್ ಗೆರೆ ಯಾಕೆ ಕರಗಲಿಲ್ಲ?" ಎಂದು ಕೇಳಿದೆ.

"ಆಲ್ಕೋಹಾಲ್ ಮಾರ್ಕರ್ ಅಲ್ವಾ" ಎಂದಳು.

ಅದು ಹೆಸರಾಯಿತು, ಕಾರಣ ಆಗಲಿಲ್ಲ. ಕಾರಣ ಹುಡುಕಿಕೊಂಡು ಹೊರಟವನಿಗೆ ಸಿಕ್ಕಿದ್ದು ನ್ಯೂಯಾರ್ಕು, ಒಸಾಕಾ, ಟೋಕಿಯೊ ಸುತ್ತಿ ಬರುವ ಒಂದು ಉದ್ದ ಕತೆ.

ಮೂಲ ಉಪಾಯ ನಮ್ಮ ದೇವರ ಮನೆಯಷ್ಟೇ ಹಳೆಯದು. ಹಣತೆಯ ಬತ್ತಿ ಎಣ್ಣೆಯನ್ನು ತಾನಾಗಿ ಮೇಲಕ್ಕೆ ಹೀರುತ್ತದೆ, ಯಾರೂ ಒತ್ತಬೇಕಾಗಿಲ್ಲ. ಎಳೆಗಳ ನಡುವಿನ ಸಂದು ಕಿರಿದಾದಷ್ಟೂ ದ್ರವ ಅದರೊಳಗೆ ಏರುತ್ತದೆ. ಎಣ್ಣೆಯ ಜಾಗದಲ್ಲಿ ಶಾಯಿ, ಹತ್ತಿಯ ಬತ್ತಿಯ ಜಾಗದಲ್ಲಿ ಉಣ್ಣೆ: ಮಾರ್ಕರ್ ಎಂದರೆ ಇಷ್ಟೇ. ನೇಯದೆ, ಒತ್ತಿ ಒತ್ತಿ ಗಟ್ಟಿ ಮಾಡಿದ ಉಣ್ಣೆಗೆ ಫೆಲ್ಟ್ ಎನ್ನುತ್ತಾರೆ. ಅಂಥ ಫೆಲ್ಟಿನ ತುದಿಯಿರುವ, ಗುರುತು ಹಾಕುವ ಪೆನ್ನಿಗೆ ಲೀ ನ್ಯೂಮನ್ ಎಂಬಾತ 1910ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ಅದು ಜನರ ಕೈಗೆ ಹತ್ತಲಿಲ್ಲ. ಬತ್ತಿ ಸಿಕ್ಕಿತ್ತು, ಅದಕ್ಕೆ ತಕ್ಕ ಎಣ್ಣೆ ಸಿಕ್ಕಿರಲಿಲ್ಲ.

ಆ ಎಣ್ಣೆ ಸಿಕ್ಕಿದ್ದು 1950ರ ದಶಕದ ಮೊದಲ ವರ್ಷಗಳಲ್ಲಿ. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಸಿಡ್ನಿ ರೋಸೆಂತಾಲ್ ಎಂಬಾತ ಗಿಡ್ಡ ಗಾಜಿನ ಶೀಶೆಗೆ ಶಾಯಿ ತುಂಬಿ, ಅದರ ಬಾಯಿಗೆ ಉಣ್ಣೆಯ ಬತ್ತಿ ಸಿಕ್ಕಿಸಿ ಮಾರತೊಡಗಿದ. ಕಂಪನಿಯ ಹೆಸರು ಸ್ಪೀಡ್ರೈ, ಹೆಸರಿನಲ್ಲೇ ಒಣಗುವ ಅವಸರ. ಪೆನ್ನಿನ ಹೆಸರು ಮ್ಯಾಜಿಕ್ ಮಾರ್ಕರ್. ಗಾಜು, ಕಲ್ಲು, ಮರ, ರಟ್ಟಿನ ಪೆಟ್ಟಿಗೆ, ಯಾವುದರ ಮೇಲೆ ಎಳೆದರೂ ಹಿಡಿಯುತ್ತಿತ್ತು, ಎಳೆದ ಕೂಡಲೇ ಒಣಗುತ್ತಿತ್ತು.

ಅಮೆರಿಕದಿಂದ ಬಂದ ಇಂಥ ಪೆನ್ನನ್ನು ನೋಡಿಯೇ ಒಸಾಕಾದ ತೆರಾನಿಶಿ ಕೆಮಿಕಲ್ ಎಂಬ ಶಾಯಿ ಕಂಪನಿ 1953ರಲ್ಲಿ ಮ್ಯಾಜಿಕ್ ಇಂಕ್ ಎಂಬ ತನ್ನದೇ ಶೀಶೆ ಹೊರತಂದಿತು. ಅದರ ಮೈಮೇಲೆ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ. ಇದೇನಪ್ಪ ಸೋಜಿಗ ಎಂದು ಕೊಳ್ಳುವವರು ಕೇಳುವ ಮೊದಲೇ ಶೀಶೆಯೇ ಕೇಳಿಬಿಡುತ್ತಿತ್ತು. ಇವತ್ತಿಗೂ ಜಪಾನಿನಲ್ಲಿ ಯಾವ ಕಂಪನಿಯ ಮಾರ್ಕರ್ ಬೇಕಿದ್ದರೂ 'ಮಾಜಿಕ್ಕು' ಕೊಡಿ ಎಂದು ಕೇಳುವವರಿದ್ದಾರಂತೆ. ನಾವು ಯಾವ ಕಂಪನಿಯ ಯಂತ್ರದಲ್ಲಿ ತೆಗೆದ ಪ್ರತಿಗೂ ಜೆರಾಕ್ಸ್ ಅನ್ನುವುದಿಲ್ಲವೇ, ಹಾಗೆ.

ಜಪಾನಿನಲ್ಲೇ ಇನ್ನೊಂದು ಕವಲು ಒಡೆಯಿತು. ಯೂಕಿಯೊ ಹೋರಿಯೆ ಕಟ್ಟಿದ ಪೆಂಟೆಲ್ ಕಂಪನಿ ಉಣ್ಣೆಯ ಬದಲು ಕೃತಕ ಎಳೆಗಳನ್ನು ಬಿಗಿಯಾಗಿ ಕಟ್ಟಿ ಚೂಪು ತುದಿ ಮಾಡಿ, ನೀರಿನ ಶಾಯಿ ತುಂಬಿ, 1963ರಲ್ಲಿ ಸೈನ್ ಪೆನ್ ಎಂದು ಮಾರಿತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಅದನ್ನು ಮೆಚ್ಚಿ ಬಳಸಿದ. ಜೆಮಿನಿ ನೌಕೆಯ ಗಗನಯಾತ್ರಿಗಳು ಅದನ್ನು ಬಾಹ್ಯಾಕಾಶಕ್ಕೂ ಒಯ್ದರು. ಬತ್ತಿ ಶಾಯಿಯನ್ನು ಹೀರುವುದಕ್ಕೆ ಭೂಮಿಯ ಸೆಳೆತವೇನೂ ಬೇಕಿಲ್ಲ ತಾನೆ. ನನ್ನ ಮೊದಲ ಹಾಳೆಗೆ ತೂತು ಮಾಡಿದ ಸ್ಕೆಚ್ ಪೆನ್ನು ಈ ನೀರಿನ ವಂಶದ್ದು.

ಎರಡನೆಯ ಹಾಳೆ ಕೆಡಿಸಿದ್ದು ರೋಸೆಂತಾಲನ ಶೀಶೆಯ ಕಡೆಯ ಸಂಬಂಧಿ. ಅದರ ಕತೆ ನಡೆಯುವುದು ಕಾರು ಕಂಪನಿಗಳ ಚಿತ್ರಶಾಲೆಗಳಲ್ಲಿ.

ಕಾರು ಹುಟ್ಟುವುದು ಕಾರ್ಖಾನೆಯಲ್ಲಲ್ಲ, ಕಾಗದದ ಮೇಲೆ. 1960ರ ದಶಕದವರೆಗೆ ಅಲ್ಲಿನ ಕಲಾವಿದರು ಪೇಸ್ಟಲ್ ಪುಡಿ, ಪೋಸ್ಟರ್ ಬಣ್ಣದಂಥ ಗುವಾಶ್, ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಬಳಸಿ ಒಂದು ಚಿತ್ರಕ್ಕೆ ದಿನಗಟ್ಟಲೆ ಕೂರುತ್ತಿದ್ದರು. ಮಾರ್ಕರ್ ಬಂದ ಮೇಲೆ ಅದು ಗಂಟೆಗಳ ಕೆಲಸವಾಯಿತು. ಕುಂಚ ತೊಳೆಯುವುದಿಲ್ಲ, ಬಣ್ಣ ಕಲಸುವುದಿಲ್ಲ, ಒಣಗಲು ಕಾಯುವುದಿಲ್ಲ. ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯಲು ಹುಟ್ಟಿದ ಸಾಧನ ಚಿತ್ರಕಾರನ ಮೇಜು ಹತ್ತಿದ್ದು ಹೀಗೆ. ಯಾವ ಕಲಾಶಾಲೆಯೂ ಅದನ್ನು ಕರೆದಿರಲಿಲ್ಲ. ನಾಳೆ ಬೆಳಗ್ಗೆಯೊಳಗೆ ಹತ್ತು ನಮೂನೆ ತೋರಿಸಬೇಕಾದವರ ಅವಸರ ಅದನ್ನು ಒಳಗೆ ಕರೆದುಕೊಂಡು ಬಂತು.

ಆ ಶಾಯಿಯಲ್ಲಿ ಬಣ್ಣವನ್ನು ಹೊತ್ತು ತರುತ್ತಿದ್ದದ್ದು ಝೈಲೀನ್, ಟಾಲ್ವೀನ್ ಎಂಬ ದ್ರಾವಕಗಳು. ಎರಡೂ ಪೇಂಟ್ ತಿನ್ನರಿನ ಬಳಗ. ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಕೂತು ಇಡೀ ದಿನ ಇವನ್ನು ಎಳೆದರೆ ತಲೆನೋವು, ತಲೆಸುತ್ತು. ಹಾಗಿದ್ದರೂ ಬಣ್ಣದ ಗಟ್ಟಿತನಕ್ಕೆ ಸೋತವರು ವಾಸನೆಯನ್ನು ಸಹಿಸಿಕೊಂಡರು. ಅವರು ಸಹಿಸಲಾರದ್ದು ಇನ್ನೊಂದಿತ್ತು. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1938ರ ಅಕ್ಟೋಬರ್ 22. ಅದೇ ಕ್ವೀನ್ಸಿನ ಅಸ್ಟೋರಿಯಾದಲ್ಲಿ ಒಂದು ಬಾಡಿಗೆ ಕೋಣೆ. ಚೆಸ್ಟರ್ ಕಾರ್ಲ್‌ಸನ್ ಎಂಬ ಪೇಟೆಂಟ್ ಗುಮಾಸ್ತ, ದಾಖಲೆಗಳನ್ನು ಕೈಯಲ್ಲಿ ನಕಲು ಮಾಡಿ ಮಾಡಿ ಬೇಸತ್ತವನು, ತನ್ನ ಸಹಾಯಕ ಆಟೊ ಕೊರ್ನೈ ಜತೆ ಗಂಧಕ ಬಳಿದ ಸತುವಿನ ತಗಡನ್ನು ಕತ್ತಲಲ್ಲಿ ಹತ್ತಿಯ ಬಟ್ಟೆಯಿಂದ ಉಜ್ಜಿದ. ಗಾಜಿನ ಪಟ್ಟಿಯ ಮೇಲೆ ಆ ದಿನದ ತಾರೀಕು ಮತ್ತು ಊರಿನ ಹೆಸರು ಬರೆದು ತಗಡಿನ ಮೇಲಿಟ್ಟು ಬೆಳಕು ಬಿಟ್ಟ. ಬೆಳಕು ಬಿದ್ದ ಕಡೆ ವಿದ್ಯುದಂಶ ಇಳಿದುಹೋಯಿತು, ಅಕ್ಷರದ ನೆರಳಿನಲ್ಲಿ ಉಳಿಯಿತು. ಮೇಲೆ ಉದುರಿಸಿದ ನಯವಾದ ಪುಡಿ ಅಕ್ಷರಕ್ಕೆ ಮಾತ್ರ ಅಂಟಿತು. ಮೇಣದ ಕಾಗದವನ್ನು ಅದರ ಮೇಲೊತ್ತಿ ಕಾಯಿಸಿದಾಗ ಜಗತ್ತಿನ ಮೊದಲ ಜೆರಾಕ್ಸ್ ಬಂತು. ಒಣ ಬರಹ ಎಂಬ ಅರ್ಥದ ಗ್ರೀಕ್ ಮಾತುಗಳಿಂದ ಆ ಹೆಸರು ಕಟ್ಟಿದ್ದು ಆಮೇಲೆ. ಕಚೇರಿಗಳಿಗೆ ಒಗ್ಗುವ ಯಂತ್ರ, ಜೆರಾಕ್ಸ್ 914, ಬರಲು 1959 ಆಯಿತು.

ಹೀಗೆ ಒಣ ಪುಡಿಯಿಂದ ಬರೆಯುವುದು ಒಂದು ಕಡೆ, ಹಸಿ ಶಾಯಿಯಿಂದ ಬಳಿಯುವುದು ಇನ್ನೊಂದು ಕಡೆ, ತಮ್ಮತಮ್ಮ ಪಾಡಿಗೆ ಬೆಳೆದವು. ಡಿಸೈನ್ ಕಚೇರಿಯ ಮೇಜಿನ ಮೇಲೆ ಎರಡೂ ಎದುರುಬದುರಾದವು. ಗೆರೆಚಿತ್ರ ಒಂದನ್ನು ಬರೆದು, ಅದರ ಹತ್ತು ಪ್ರತಿ ತೆಗೆದು, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಬೂದು ಹಾಕಿ ನೋಡುವ ರೂಢಿ ಅಲ್ಲಿ ಬೆಳೆಯಿತು. ಅಜ್ಜನ ಮನೆಯ ಚಿತ್ರಕ್ಕೆ ನಾನು ಮಾಡಿದ್ದೂ ಅದನ್ನೇ. ಅದೇನೂ ನನ್ನ ಬುದ್ಧಿವಂತಿಕೆಯಲ್ಲ ಎಂದು ಆಮೇಲೆ ತಿಳಿಯಿತು. ಡಿಸೈನರುಗಳು ಸಹಿಸಲಾರದ್ದು ಇದನ್ನೇ: ಆ ಪ್ರತಿಗಳ ಮೇಲೆ ಮಾರ್ಕರ್ ಎಳೆದರೆ ಗೆರೆಯೇ ಕರಗಿ ಹರಿಯುತ್ತಿತ್ತು.

ಏಕೆಂದರೆ ಜೆರಾಕ್ಸಿನ ಕಪ್ಪು ಶಾಯಿಯಲ್ಲ, ಪ್ಲಾಸ್ಟಿಕ್. ಟೋನರ್ ಎನ್ನುವ ಆ ಪುಡಿ, ಕಾಡಿಗೆಯಂಥ ಇಂಗಾಲವನ್ನು ಸ್ಟೈರೀನ್ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಕಲಸಿ ಅರೆದದ್ದು. ಬಿಸಿ ರೋಲರಿನ ನಡುವೆ ಹಾದುಹೋಗುವಾಗ ಕರಗಿ ಕಾಗದದ ಎಳೆಗಳಿಗೆ ಕಚ್ಚಿಕೊಳ್ಳುತ್ತದೆ. ಗಣಪತಿಯ ಮಂಟಪಕ್ಕೆ ತಂದ ಥರ್ಮಾಕೋಲ್ ಮೇಲೆ ಪೆಟ್ರೋಲ್ ಚೆಲ್ಲಿ ನೋಡಿದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಥರ್ಮಾಕೋಲೂ ಸ್ಟೈರೀನಿನ ಮನೆತನದ್ದೇ. ಪೆಟ್ರೋಲ್ ಬಿದ್ದಲ್ಲಿ ಕರಗಿ ಕುಳಿಯಾಗುತ್ತದೆ. ಝೈಲೀನ್ ಟೋನರಿಗೆ ಮಾಡುವುದೂ ಅದನ್ನೇ. ಅದೇ ಥರ್ಮಾಕೋಲ್ ಮೇಲೆ ಕೈಗೆ ಹಚ್ಚುವ ಸ್ಯಾನಿಟೈಸರ್ ಹನಿಸಿ ನೋಡಿ, ಏನೂ ಆಗುವುದಿಲ್ಲ. ಸ್ಯಾನಿಟೈಸರಿನಲ್ಲಿರುವುದು ಆಲ್ಕೋಹಾಲ್.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಟೋಕಿಯೊದಲ್ಲಿ 1919ರಲ್ಲಿ ಇಝುಮಿಯಾ ಎಂಬ ಹೆಸರಿನಲ್ಲಿ ಶುರುವಾದ ಚಿತ್ರ ಸಾಮಗ್ರಿಯ ಅಂಗಡಿಯೊಂದಿತ್ತು. ಈಗ ಅದು ಟೂ ಕಾರ್ಪೊರೇಷನ್. ಡಿಸೈನರುಗಳ ಈ ಗೋಳು ಕೇಳಿ ಕೇಳಿ ಅಭ್ಯಾಸವಾಗಿದ್ದ ಆ ಮಳಿಗೆ, ಟೋನರನ್ನು ಮುಟ್ಟದ ಮಾರ್ಕರ್ ಒಂದನ್ನು 1987ರಲ್ಲಿ ಹೊರತಂದಿತು. ಹೆಸರು ಕಾಪಿಕ್. ಕಾಪಿ ತೆಗೆದ ಹಾಳೆಯ ಮೇಲೆ ಬಳಿಯುವುದಕ್ಕೆ ಎಂದೇ ಆ ಹೆಸರು. ಆಲ್ಕೋಹಾಲೇನೂ ಹೊಸ ದ್ರಾವಕವಲ್ಲ. ನಮ್ಮ ಬಡಗಿಗಳು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮಂಚಕ್ಕೆ ಪಾಲಿಶ್ ಕೊಡುತ್ತ ಬಂದವರೇ. ಹೊಸದಾಗಿದ್ದದ್ದು ಯಾವುದನ್ನು ಕರಗಿಸಬೇಕು ಎನ್ನುವುದರ ಜತೆಗೆ ಯಾವುದನ್ನು ಕರಗಿಸಬಾರದು ಎಂದೂ ಯೋಚಿಸಿದ್ದು. ಬಣ್ಣ ಕರಗಬೇಕು, ಪ್ಲಾಸ್ಟಿಕ್ ಕರಗಬಾರದು. ಈ ಎರಡು ಷರತ್ತಿನ ನಡುವೆ ನಿಲ್ಲಬಲ್ಲದ್ದು ಆಲ್ಕೋಹಾಲ್. ಕಾಪಿಕ್ಕಿನ ಬೂದು ಬಣ್ಣಗಳಲ್ಲಿ ತಂಪು, ಬಿಸಿ, ತಟಸ್ಥ ಎಂಬ ಮೂರು ಸಾಲುಗಳ ಜತೆ ನಾಲ್ಕನೆಯದು ಒಂದಿದೆ: ಟೋನರ್ ಗ್ರೇ. ಜೆರಾಕ್ಸ್ ಯಂತ್ರದ ಕಪ್ಪಿಗೆ ಹೊಂದುವ ಬೂದು. ತವರನ್ನು ಮರೆತಿಲ್ಲ.

ಟೋನರಿಗಾಗಿ ಆರಿಸಿದ ಆಲ್ಕೋಹಾಲ್ ಬೇರೆ ವರಗಳನ್ನೂ ತಂದಿತು. ನೀರಿನ ಹನಿ ತನ್ನನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕೆಸುವಿನೆಲೆಯ ಮೇಲೆ ಮುತ್ತಾಗುವುದು ಆ ಬಿಗಿಯಿಂದಲೇ. ಅಳೆದು ಹೇಳುವುದಾದರೆ ನೀರಿನ ಮೇಲ್ಮೈ ಸೆಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಎಥನಾಲಿನದು ಬರೀ 22. ಬಿಗಿ ಕಡಿಮೆ ಇರುವುದರಿಂದ ಶಾಯಿ ಕಾಗದದ ಸಂದಿಗೊಂದಿಗೆ ತಟ್ಟನೆ ನುಗ್ಗುತ್ತದೆ, ಸಮನಾಗಿ ಹರಡುತ್ತದೆ. ಪಂಚಾಂಗ ಹಾಳಾದದ್ದಕ್ಕೂ ಕಾರಣ ಇದೇ ಗುಣ. ಕಾಗದದ ನಾರುಗಳು ನೀರು ಕುಡಿದರೆ ಉಬ್ಬುತ್ತವೆ, ಅದರಿಂದಲೇ ಸುಕ್ಕು. ಆಲ್ಕೋಹಾಲ್ ಅವನ್ನು ಅಷ್ಟಾಗಿ ಉಬ್ಬಿಸುವುದಿಲ್ಲ. ಜತೆಗೆ ಎಥನಾಲ್ ಕುದಿಯುವುದು 78 ಡಿಗ್ರಿಗೇ, ಕಾಗದದಿಂದ ಕ್ಷಣದಲ್ಲಿ ಹಾರಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಗುಣ ಬೇರೆ. ಒಣಗಿದ ಬಣ್ಣದ ಮೇಲೆ ಇನ್ನೊಮ್ಮೆ ಮಾರ್ಕರ್ ಎಳೆದರೆ ಹಳೆಯ ಬಣ್ಣ ಮತ್ತೆ ಕರಗುತ್ತದೆ, ಹೊಸದರ ಜತೆ ಬೆರೆಯುತ್ತದೆ. ಹೆಂಚಿನ ಬಿಸಿಲು ಬಿದ್ದ ಮೈಗೆ ತಿಳಿ ಕೆಂಪು, ನೆರಳಿಗೆ ಗಾಢ ಕೆಂಪು; ಎರಡರ ಗಡಿಯ ಮೇಲೆ ತಿಳಿಯ ಪೆನ್ನನ್ನೇ ನಾಲ್ಕು ಸಲ ಆಡಿಸಿದರೆ ಗಡಿ ಮಾಯ. ಬಣ್ಣವೇ ಇಲ್ಲದ, ಬರಿಯ ದ್ರಾವಕ ತುಂಬಿದ ಪೆನ್ನೂ ಒಂದಿದೆ. ಅದನ್ನು ಎಲ್ಲರೂ ರಬ್ಬರ್ ಎಂದು ತಿಳಿಯುತ್ತಾರೆ, ನಾನೂ ತಿಳಿದಿದ್ದೆ. ಅದು ಅಳಿಸುವುದಿಲ್ಲ, ಬಣ್ಣವನ್ನು ಆಚೆಗೆ ದಬ್ಬುತ್ತದೆ. ಗೋಡೆಯ ಮೇಲೆ ಒಂದು ಹನಿ ಬಿಟ್ಟೆ. ನಡುವೆ ಬಿಳಿಚಿ, ಸುತ್ತ ಗಾಢ ಅಂಚು ಕಟ್ಟಿ, ಮಳೆಗಾಲದಲ್ಲಿ ಸುಣ್ಣದ ಗೋಡೆಯ ಮೇಲೆ ಏಳುವ ನೀರುಕಲೆ ಹಾಗೆಯೇ ಬಂತು. ಆ ಮನೆಯ ಹಿಂಗೋಡೆಗೆ ಅಂಥ ಕಲೆ ನಿಜಕ್ಕೂ ಇತ್ತು. ಬೇಕೆಂದು ಬರೆಯಲು ಹೋಗಿದ್ದರೆ ಬರುತ್ತಿರಲಿಲ್ಲ.

ಕೈ ಮಾತ್ರ ತಡವರಿಸಬಾರದು. ಅಂಚು ಹಸಿಯಾಗಿರುವಾಗಲೇ ಮುಂದಿನ ಗೆರೆ ಅದಕ್ಕೆ ತಾಗಬೇಕು. ಒಣಗಿದ ಮೇಲೆ ತಾಗಿದರೆ ಎರಡು ಪದರ ಸೇರಿದಲ್ಲಿ ಪಟ್ಟೆ ಕಾಣುತ್ತದೆ. ಯೋಚಿಸುತ್ತ ಪೆನ್ನನ್ನು ಒಂದೇ ಕಡೆ ಊರಿ ನಿಲ್ಲಿಸಿದರೋ, ಬತ್ತಿ ತನ್ನ ಕೆಲಸ ನಿಲ್ಲಿಸುವುದಿಲ್ಲ, ಬಣ್ಣ ಗೆರೆ ದಾಟಿ ಅಂಗಳಕ್ಕೆ ಇಳಿಯುತ್ತದೆ. ನಾಲ್ಕನೆಯ, ಐದನೆಯ ಹಾಳೆಗಳು ನನ್ನ ಯೋಚನೆಗೆ ಬಲಿಯಾದವು. ಆರನೆಯದು ನಿಂತಿತು. ಹಿಂಬದಿಗೆ ಇಳಿಯದಂತೆ ಲೇಪ ಕೊಟ್ಟ ಕಾಗದ ಬೇರೆಯೇ ಸಿಗುತ್ತದೆ ಎಂದು ಗೊತ್ತಾದದ್ದು ಅದರ ಆಮೇಲೆ.

ಡಿಸೈನರುಗಳಿಗೆಂದು ಬಂದ ಕಾಪಿಕ್ಕನ್ನು ಜಪಾನಿನ ಮಾಂಗಾ ಚಿತ್ರಕತೆಗಾರರು ತಮ್ಮದು ಮಾಡಿಕೊಂಡರು. ವಾರಪತ್ರಿಕೆಯ ಕಪ್ಪುಬಿಳುಪು ಪುಟಗಳ ನಡುವೆ ಅಪರೂಪಕ್ಕೆ ಬರುವ ಬಣ್ಣದ ಪುಟ, ಮುಖಪುಟ, ಅದಕ್ಕೆ ಸಿಗುವ ಸಮಯ ಒಂದೆರಡು ದಿನ. ಉಳಿಯಂಥ ಅಗಲ ತುದಿಯಿದ್ದ ಪೆನ್ನಿಗೆ ಮುಂದೆ ಕುಂಚದಂತೆ ಬಾಗುವ ತುದಿಯೂ ಬಂತು. ಆಗ ಕಾರಿನ ಬಾನೆಟ್ ಬಳಿಯುತ್ತಿದ್ದ ಸಾಧನ ಕೆನ್ನೆ, ಕೂದಲು ಬಳಿಯತೊಡಗಿತು. ಬಣ್ಣಗಳು ಹೆಚ್ಚುತ್ತ 358ಕ್ಕೆ ಮುಟ್ಟಿದವು. ಪ್ರತಿಯೊಂದಕ್ಕೂ ಅಕ್ಷರ ಮತ್ತು ಅಂಕಿಯ ಗುರುತು. ಅಕ್ಷರ ಬಣ್ಣದ ಕುಲ ಹೇಳಿದರೆ ಕೊನೆಯ ಅಂಕಿ ಎಷ್ಟು ಗಾಢ ಎಂದು ಹೇಳುತ್ತದೆ. ಖಾಲಿಯಾದರೆ ಎಸೆಯಬೇಕಿಲ್ಲ, ಶಾಯಿ ತುಂಬಬಹುದು, ಸವೆದ ತುದಿ ಕಿತ್ತು ಹೊಸದು ಸಿಕ್ಕಿಸಬಹುದು. ಬೆಲೆ ಕೇಳಿದ ಮೇಲೆ ಈ ಅನುಕೂಲದ ಅರ್ಥ ಚೆನ್ನಾಗಿ ಆಗುತ್ತದೆ. ಅಕ್ಕನ ಮಗಳ ಚೀಲದಲ್ಲಿದ್ದದ್ದು ಅಗ್ಗದ ಬೇರೆ ಕಂಪನಿಯದು. ಆಲ್ಕೋಹಾಲ್ ಅಲ್ಲೂ ಅದೇ ಕೆಲಸ ಮಾಡುತ್ತದೆ.

ಒಂದು ಕೊರತೆ ಮಾತ್ರ ಎಲ್ಲ ಕಂಪನಿಗೂ ಸಮಾನ. ಆಲ್ಕೋಹಾಲಿನಲ್ಲಿ ಪೂರ್ತಿ ಕರಗುವ ಬಣ್ಣ ಕಲ್ಲು ಅರೆದ ಪುಡಿಯಂಥದ್ದಲ್ಲ, ಬಿಡಿಬಿಡಿ ಅಣುಗಳಾಗಿ ಹರಡಿರುವಂಥದ್ದು. ಅದರ ಪಾರದರ್ಶಕ ಹೊಳಪಿಗೆ ಅದೇ ಕಾರಣ, ಬಿಸಿಲಿಗೆ ಸೋಲುವುದಕ್ಕೂ ಅದೇ ಕಾರಣ. ಬೆಳಕು ಆ ಅಣುಗಳನ್ನು ಒಂದೊಂದಾಗಿ ಮುರಿಯುತ್ತದೆ. ಮತ ಹಾಕಿದವರ ಬೆರಳಿಗೆ 1962ರ ಚುನಾವಣೆಯಿಂದ ಹಚ್ಚುತ್ತ ಬಂದಿರುವ ಮೈಸೂರಿನ ಶಾಯಿ ಇದಕ್ಕೆ ಸರಿಯಾಗಿ ಉಲ್ಟಾ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಮಾರ್ಕರ್ ಬೆಳಕು ಬಿದ್ದಷ್ಟೂ ಬಿಳಿಚುತ್ತದೆ. ಹೀಗೆಂದು ಅದನ್ನು ದೂರುವುದು ಸರಿಯಲ್ಲ ಅನ್ನುವುದು ನನ್ನ ವಾದ. ಈ ಮಾಧ್ಯಮ ಹುಟ್ಟಿದ್ದೇ ನಕಲಿನ ಮೇಲೆ, ಬೆಳೆದದ್ದೇ ಅಚ್ಚಿಗೆ ಹೋಗುವ ಚಿತ್ರಗಳಲ್ಲಿ. ಕಾರಿನ ನಮೂನೆ ಒಪ್ಪಿಗೆಯಾದ ಮೇಲೆ, ಮುಖಪುಟ ಅಚ್ಚಾದ ಮೇಲೆ, ಮೂಲ ಹಾಳೆ ಕಪಾಟು ಸೇರುತ್ತಿತ್ತು. ಗೋಡೆಗೆ ತೂಗುಹಾಕಲು ಯಾರೂ ಹೇಳಿರಲಿಲ್ಲ.

ನಾನು ತೂಗುಹಾಕಿದೆ. ಆರನೆಯ ಹಾಳೆಗೆ ಕಟ್ಟು ಹಾಕಿಸಿ, ಪೂರ್ವದ ಕಿಟಕಿಯ ಎದುರಿಗೆ. ಕೆಲವು ವರ್ಷ ಕಳೆದು ಮೊನ್ನೆ ದಿಟ್ಟಿಸಿ ನೋಡಿದರೆ ಜಗಲಿಯ ನೇರಳೆ ನೆರಳು ಪೂರ್ತಿ ಹೋಗಿದೆ, ಹೆಂಚು ತೊಳೆದ ಹಳೇ ಸೀರೆಯ ಬಣ್ಣಕ್ಕೆ ಬಂದಿದೆ, ನೀರುಕಲೆ ಇದ್ದ ಗುರುತೂ ಇಲ್ಲ. ಜೆರಾಕ್ಸಿನ ಗೆರೆಗಳು ಮಾತ್ರ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಯಂತ್ರದಿಂದ ಹೊರಬಂದ ದಿನ ಎಷ್ಟು ಕಪ್ಪಗಿದ್ದವೋ ಇವತ್ತೂ ಅಷ್ಟೇ ಕಪ್ಪಗಿವೆ. ಇಂಗಾಲವಲ್ಲವೇ.

ಹತ್ತರಲ್ಲಿ ನಾಲ್ಕು ಉಳಿದಿದ್ದವು. ಒಂದನ್ನು ತೆಗೆದು ಮತ್ತೆ ಶುರುಮಾಡಿದೆ. ತುಳಸಿಕಟ್ಟೆಯ ಹತ್ತಿರ ಕೈ ನಿಂತಿತು. ಅಕ್ಕನಿಗೆ ಫೋನ್ ಮಾಡಿದರೆ, ಅಪ್ಪಯ್ಯ ಪ್ರತಿ ದೀಪಾವಳಿಗೂ ಅದಕ್ಕೆ ಹಳದಿ ಬಳಿಸುತ್ತಿದ್ದರು, ನಿನಗೆಲ್ಲಿ ನೆನಪಿರುತ್ತೆ ಎಂದಳು. ನನ್ನ ನೆನಪಿನಲ್ಲಿ ಅದು ಸುಣ್ಣದ ಬಿಳಿ. ಇನ್ನೊಂದು ಜೆರಾಕ್ಸನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡೆ.